ಸೋತ ಎಂಜಿನ್ನಿನ ಯಜಮಾನ: ನೈಜೆಲ್ ಗ್ರೆಸ್ಲಿ

ಉಗಿ ಎಂಜಿನ್ನಿನ ವೇಗದ ದಾಖಲೆ ಅಂದ ಕೂಡಲೇ ನೆನಪಾಗೋದು ‘ಮಲ್ಲಾರ್ಡ್’. 1938ರ ಜುಲೈ 3ರಂದು ಇಂಗ್ಲೆಂಡಿನ ಸ್ಟೋಕ್ ಇಳಿಜಾರಿನಲ್ಲಿ ಅದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿ.ಮೀ. ಮುಟ್ಟಿತು. ಅದನ್ನು ರೂಪಿಸಿದವರು ಸರ್ ನೈಜೆಲ್ ಗ್ರೆಸ್ಲಿ. ಆದರೆ ಅದಕ್ಕೂ ಒಂಬತ್ತು ವರ್ಷ ಮೊದಲು ಇದೇ ಗ್ರೆಸ್ಲಿ ಕಟ್ಟಿ ಸೋತ ಎಂಜಿನ್ ಒಂದಿದೆ. ಅದರ ಕಥೆ ಹೇಳದೆ ಅವರ ಬದುಕು ಹೇಳಿದರೆ ಅರ್ಧಂಬರ್ಧ ಆಗುತ್ತೆ ಅನ್ನೋದು ನಮ್ಮ ಅನಿಸಿಕೆ.

ಗ್ರೆಸ್ಲಿ ಹುಟ್ಟಿದ್ದು 1876ರಲ್ಲಿ, ಎಡಿನ್‌ಬರೋದಲ್ಲಿ. ತಂದೆ ನೆದರ್‌ಸೀಲ್ ಎಂಬ ಹಳ್ಳಿಯ ಪಾದ್ರಿ. ಮಗ ಕ್ರೂ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕೈ ಮಸಿ ಮಾಡಿಕೊಂಡ. ರೈಲು ಡಬ್ಬಿಗಳ ವಿಭಾಗದಿಂದ ಮೇಲೆ ಬಂದು 1911ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಎಂಜಿನ್ ವಿಭಾಗಕ್ಕೆ ಮುಖ್ಯಸ್ಥರಾದರು. 1923ರಲ್ಲಿ ಹೊಸದಾಗಿ ಹುಟ್ಟಿದ ಎಲ್‌ಎನ್‌ಇಆರ್ ಕಂಪನಿಗೂ ಅವರೇ ಚೀಫ್ ಮೆಕ್ಯಾನಿಕಲ್ ಎಂಜಿನಿಯರ್.

1925ರಲ್ಲಿ ಒಂದು ಪೆಟ್ಟು ಬಿತ್ತು. ಗ್ರೇಟ್ ವೆಸ್ಟರ್ನ್ ರೈಲ್ವೆಯ, ಗಾತ್ರದಲ್ಲಿ ಚಿಕ್ಕದಾದ ‘ಕಾಸಲ್’ ಎಂಜಿನ್ ಗ್ರೆಸ್ಲಿಯವರ ಎಂಜಿನ್ನಿನ ಜೊತೆ ಪರೀಕ್ಷೆಗೆ ನಿಂತು, ಕಡಿಮೆ ಕಲ್ಲಿದ್ದಲಲ್ಲಿ ಅದೇ ಕೆಲಸ ಮಾಡಿ ತೋರಿಸಿತು. ಆಮೇಲೆ ಗ್ರೆಸ್ಲಿ ತಮ್ಮ ಎಂಜಿನ್‌ಗಳ ವಾಲ್ವ್ ಚಲನೆಯನ್ನು ಉದ್ದ ಮಾಡಿಸಿದರು. ಉಗಿ ಸಿಲಿಂಡರಿನಲ್ಲಿ ಚೆನ್ನಾಗಿ ಹಿಗ್ಗಿ, ಸಲೀಸಾಗಿ ಹೊರಹೋಗುವಂತಾಯಿತು. ಕಲ್ಲಿದ್ದಲ ಖರ್ಚೂ ಇಳಿಯಿತು.

ಇನ್ನು ಆ ಸೋತ ಎಂಜಿನ್. ನಂಬರ್ 10000. ಹಡಗಿನ ಬಾಯ್ಲರ್ ಮಾಡುವ ಯಾರೋ ಕಂಪನಿಯ ಜೊತೆ ಸೇರಿ, ಡಾರ್ಲಿಂಗ್ಟನ್‌ನಲ್ಲಿ ಗುಟ್ಟಾಗಿ ಕಟ್ಟಿ 1929ರಲ್ಲಿ ಹೊರತಂದರು. ಜನ ಅದಕ್ಕೆ ‘ಹಷ್-ಹಷ್’ ಅಂತ ಅಡ್ಡಹೆಸರಿಟ್ಟರು. ಮಾಮೂಲಿ ಎಂಜಿನ್ನಿನ ಕೊಳವೆಗಳಲ್ಲಿ ಬಿಸಿ ಹೊಗೆ, ಸುತ್ತ ನೀರು. ಇದರಲ್ಲಿ ಕೊಳವೆಯೊಳಗೆ ನೀರು, ಸುತ್ತ ಬೆಂಕಿ. ಅವರ ಬೇರೆ ಎಂಜಿನ್‌ಗಳಲ್ಲಿ ಉಗಿಯ ಒತ್ತಡ ಚದರ ಇಂಚಿಗೆ 180ರಿಂದ 220 ಪೌಂಡ್ ಇದ್ದರೆ ಇದರಲ್ಲಿ 450. ಎರಡು ಸಿಲಿಂಡರ್ ಬಳಸಿ ಬಿಟ್ಟ ಉಗಿಯನ್ನೇ ಇನ್ನೆರಡು ಮತ್ತೆ ಬಳಸುವ ಏರ್ಪಾಡು. ಪೇಪರಿನ ಮೇಲೆ ಎಲ್ಲ ಸರಿ. ಹಳಿಯ ಮೇಲೆ ಮಾತ್ರ ಬಾಯ್ಲರ್ ಕವಚದಲ್ಲಿ ಗಾಳಿ ಸೋರಿತು, ಉಗಿ ಸಾಲದಾಯಿತು. ಓಡಿದ್ದಕ್ಕಿಂತ ರಿಪೇರಿಗೆ ನಿಂತದ್ದೇ ಜಾಸ್ತಿ. ಕೊನೆಗೆ 1937ರಲ್ಲಿ ಮಾಮೂಲಿ ಬಾಯ್ಲರ್ ಹಾಕಿ ಮರುಕಟ್ಟಬೇಕಾಯಿತು.

ಅಷ್ಟರಲ್ಲಿ ಗ್ರೆಸ್ಲಿ ದಾರಿ ಬದಲಿಸಿ ಆಗಿತ್ತು. ವಿಚಿತ್ರ ಬಾಯ್ಲರ್ ಬಿಟ್ಟು, ಇದ್ದ ಬಾಯ್ಲರಿನಲ್ಲೇ ಉಗಿಯ ದಾರಿ ನುಣುಪಾಗಿಸುವುದು, ಹೊರಮೈ ಗಾಳಿಯನ್ನು ಸೀಳುವಂತೆ ಮಾಡುವುದು. ಫ್ರಾನ್ಸಿನ ಆಂದ್ರೆ ಶಪೆಲೋನ್ ಕೆಲಸದಿಂದ ಕಲಿಯಲು ಅವರಿಗೆ ಸಂಕೋಚ ಇರಲಿಲ್ಲ. 1935ರಲ್ಲಿ ‘ಸಿಲ್ವರ್ ಲಿಂಕ್’ ಗಂಟೆಗೆ 112 ಮೈಲಿ ದಾಟಿತು. ಮರುವರ್ಷ ಸರ್ ಪದವಿ. ಮನೆಯ ಕಂದಕದಲ್ಲಿ ಬಾತುಕೋಳಿ ಸಾಕುತ್ತಿದ್ದ ಮನುಷ್ಯ. ಮಲ್ಲಾರ್ಡ್ ಅನ್ನೋದೂ ಒಂದು ಕಾಡುಬಾತಿನ ಹೆಸರೇ.

ಮಲ್ಲಾರ್ಡ್‌ನ ಗೆಲುವಿನಲ್ಲೂ ಒಂದು ಕೊಂಕಿತ್ತು. ಮೂರು ಸಿಲಿಂಡರಿಗೆ ಎರಡೇ ಜೊತೆ ವಾಲ್ವ್ ಗೇರ್. ನಡುವಿನದನ್ನು ಲಿವರ್‌ಗಳು ಆಡಿಸುತ್ತಿದ್ದವು. ವೇಗ ಏರಿದಂತೆ ನಡು ಸಿಲಿಂಡರಿನ ಮೇಲೆ ಹೊರೆ ಹೆಚ್ಚುತ್ತಿತ್ತು. ದಾಖಲೆಯ ದಿನವೇ ನಡುವಿನ ಬೇರಿಂಗ್ ಕಾದು, ಎಂಜಿನ್ ಪೀಟರ್‌ಬರೋದಲ್ಲಿ ನಿಂತುಬಿಟ್ಟಿತು. ಯುದ್ಧಕಾಲದಲ್ಲಿ ನಿಗಾ ಕಡಿಮೆಯಾದಾಗ ಈ ಲಿವರ್‌ಗಳು ಸವೆದು ಇನ್ನಷ್ಟು ಕಾಟ ಕೊಟ್ಟವು. ಅದನ್ನು ಸರಿಪಡಿಸಲು ಗ್ರೆಸ್ಲಿ ಉಳಿಯಲಿಲ್ಲ. 1941ರ ಏಪ್ರಿಲ್ 5ರಂದು, ಇನ್ನೂ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು.

ಇವತ್ತು ಮಲ್ಲಾರ್ಡ್ ಯಾರ್ಕಿನ ಮ್ಯೂಸಿಯಮ್ಮಿನಲ್ಲಿದೆ. ನಂಬರ್ 10000 ಮಾತ್ರ 1959ರವರೆಗೆ ದುಡಿದು ಗುಜರಿಗೆ ಹೋಯಿತು. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಕೆಲಸ ಮಾಡಿದ ಮಾಡೆಲ್ಲಿನ ಫೋಟೋ ಮಾತ್ರ ಇರುತ್ತಲ್ಲ, ಹಾಗೆ.