ಪುಣೆಯಲ್ಲಿ ಓದಿದ ಬೇಂದ್ರೆ

ಬೇಂದ್ರೆ ಅಂದಕೂಡಲೆ ನಮಗೆ ನೆನಪಾಗುವುದು ಧಾರವಾಡ, ಸಾಧನಕೇರಿ. ಅವರೂ ನಮ್ಮ ಹಾಗೆ ಕಾಲೇಜು ಹುಡುಗರಾಗಿ ಪುಣೆಯಲ್ಲಿ ಇದ್ದರೆಂಬುದು ಮರೆತೇ ಹೋಗುತ್ತದೆ. ನನಗಂತೂ ಅವರ ಜೀವನದಲ್ಲಿ ಸೋಜಿಗ ಅನ್ನಿಸುವುದು ಆ ವರ್ಷಗಳೇ.

1896ರ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದ ದತ್ತಾತ್ರೇಯನ ಮನೆಮಾತು ಮರಾಠಿ. ತಂದೆ ಬೇಗ ತೀರಿಕೊಂಡರು. ಸಾಕಿದವರು ತಾಯಿ ಅಂಬವ್ವ. ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ಇರುವುದು ಆಕೆಯ ಹೆಸರೇ. 1913ರಲ್ಲಿ ಮ್ಯಾಟ್ರಿಕ್ ಆಯಿತು. ಧಾರವಾಡದಲ್ಲಿ ಆಗಿನ್ನೂ ಕಾಲೇಜಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು.

ಮನೆಯಲ್ಲೂ ಮರಾಠಿ, ಪುಣೆಯ ಬೀದಿಯಲ್ಲೂ ಮರಾಠಿ. ಅಲ್ಲೇ ಮರಾಠಿ ಕವಿಯಾಗಿ ನಿಂತುಬಿಟ್ಟಿದ್ದರೆ ಯಾರು ತಪ್ಪೆನ್ನುತ್ತಿದ್ದರು? 1918ರಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಅದೇ ವರ್ಷ 'ಪ್ರಭಾತ'ದಲ್ಲಿ ಮೊದಲ ಕವಿತೆ ಅಚ್ಚಾಯಿತು.

ಆದರೆ ಕನ್ನಡದಲ್ಲಿ ಬರೆದರೆ ಕೇಳುವವರು ಬೇಕಲ್ಲ! 1922ರಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡರು. ಶಂಬಾ ಜೋಶಿ, ಆನಂದಕಂದ, ಎನ್ಕೆ, ಆಮೇಲೆ ಗೋಕಾಕ, ಹೀಗೆ ಒಬ್ಬೊಬ್ಬರೇ ಕೂಡಿದರು. ಮರುವರ್ಷ, 1923ರಲ್ಲಿ, ಪುಣೆಯಲ್ಲಿ ಮಾಧವ ಜ್ಯೂಲಿಯನ್, ಯಶವಂತ, ಗಿರೀಶ ಮೊದಲಾದ ಕವಿಗಳು ರವಿಕಿರಣ ಮಂಡಳ ಮಾಡಿಕೊಂಡು, ರವಿವಾರ ಚಹಾಕ್ಕೆ ಕೂಡಿ ಕವಿತೆ ಓದತೊಡಗಿದರು. ಅದನ್ನು ನೋಡಿ ಬೇಂದ್ರೆ ಗುಂಪು ಕಟ್ಟಿದರು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಇಸವಿ ನೋಡಿರಿ, ನಮ್ಮದೇ ಒಂದು ವರ್ಷ ಹಿರಿದು. ಎರಡೂ ಊರಿನ ಹಸಿವು ಮಾತ್ರ ಒಂದೇ ಅಂತ ನನ್ನ ಎಣಿಕೆ. ಕವಿತೆ ಮೊದಲು ನಾಲ್ಕು ಜನರ ಕಿವಿಗೆ ಬೀಳಬೇಕು, ಅಚ್ಚು ಆಮೇಲೆ. ಬೇಂದ್ರೆಯವರ ಪದ್ಯವನ್ನು ಕಣ್ಣಿನಲ್ಲಷ್ಟೇ ಓದಿದವರಿಗೆ ಅರ್ಧ ಮಾತ್ರ ದಕ್ಕುವುದು ಅದಕ್ಕೇ.

ಈ ಆಯ್ಕೆ ಅಗ್ಗದ್ದಾಗಿರಲಿಲ್ಲ. 1932ರಲ್ಲಿ 'ಗರಿ' ಬಂತು. 'ನರಬಲಿ' ಎಂಬ ಕವಿತೆಗಾಗಿ ಸರಕಾರ ಅವರನ್ನು ಹಿಂಡಲಗಿ ಜೇಲಿಗೆ ಹಾಕಿತು. ಮುಂದೆ ಮುಗದದಲ್ಲಿ ನಿರ್ಬಂಧ. ಮಾಸ್ತರಿಕೆಯೂ ಹೋಯಿತು. ಸಂಸಾರ ಬೆಳೆದಿತ್ತು, ಕೈಯಲ್ಲಿ ಕಾಸಿಲ್ಲ. 1935ರಲ್ಲಿ ಎಂ.ಎ. ಮಾಡಿಕೊಂಡರೂ ವರ್ಷಗಟ್ಟಲೆ ಭದ್ರ ನೌಕರಿ ಸಿಗಲಿಲ್ಲ. ಇತ್ತ ಗುಂಪಿನ ಕಿರಿಯ ಗೋಕಾಕರು 1931ರಲ್ಲೇ ಅದೇ ಫರ್ಗ್ಯುಸನ್ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಹೋಗಿದ್ದರು!

ಕಡೆಗೆ 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಕರೆಯಿತು. ಮರಾಠಿ ನಾಡಿಗೆ ಬೇಂದ್ರೆ ಮತ್ತೆ ಹೋದರು. ಈ ಸಲ ಹೋದದ್ದು ಕನ್ನಡ ಕಲಿಸುವುದಕ್ಕೆ. 1956ರವರೆಗೆ, ಹನ್ನೆರಡು ವರ್ಷ, ಅಲ್ಲಿದ್ದರು. ಮರಾಠಿಯಲ್ಲೂ ಬರೆದರು, ಮನೆಮಾತನ್ನೇನೂ ಬಿಟ್ಟುಕೊಡಲಿಲ್ಲ.