ಗಣಿತಜ್ಞ ಆಯ್ಲರ್ ಮತ್ತು ಒಂದು ಮಹಾಸಂಖ್ಯೆ

ದೊಡ್ಡವರು ಹೇಳಿದರೆಂಬ ಮಾತ್ರಕ್ಕೆ ಗಣಿತದಲ್ಲಿ ಯಾವ ಮಾತೂ ಸಿದ್ಧವಾಗುವುದಿಲ್ಲ. ಅದಕ್ಕೆ ಸಾಧನೆ ಬೇಕು. 4,29,49,67,297 ಎಂಬ ಒಂದೇ ಸಂಖ್ಯೆಯಿಂದ ಇದನ್ನು ತೋರಿಸಿಕೊಟ್ಟ ಮಹಾನುಭಾವನು ಲಿಯೋನಾರ್ಡ್ ಆಯ್ಲರ್.

ಆಯ್ಲರನು 1707ನೆಯ ಇಸವಿ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಮಗನೂ ತನ್ನಂತೆ ಧರ್ಮೋಪದೇಶಕನಾಗಬೇಕೆಂಬುದು ತಂದೆಯ ಆಸೆ. ಆದರೆ ತರುಣನ ಪ್ರತಿಭೆಯನ್ನು ಕಂಡ ಗಣಿತಾಚಾರ್ಯ ಯೋಹಾನ್ ಬರ್ನೂಲಿಯು ತಂದೆಯ ಮನಸ್ಸನ್ನು ಒಲಿಸಿದನು. 1727ರಲ್ಲಿ ಆಯ್ಲರನು ಹುಟ್ಟೂರನ್ನು ಬಿಟ್ಟು ರಷ್ಯಾ ದೇಶದ ಪೀಟರ್ಸ್‌ಬರ್ಗ್ ನಗರದ ವಿಜ್ಞಾನ ಅಕಾಡೆಮಿಯನ್ನು ಸೇರಿದನು. ಆಗ ಆತನಿಗೆ ಇಪ್ಪತ್ತು ವರ್ಷ. ಮತ್ತೆಂದೂ ಆತನು ಹುಟ್ಟೂರಿಗೆ ಮರಳಲಿಲ್ಲ.

1729ರಲ್ಲಿ ಗೋಲ್ಡ್‌ಬಾಕ್ ಎಂಬ ಮಿತ್ರನು ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿದನು. ಎರಡರಿಂದ ಆರಂಭಿಸಿ ವರ್ಗ ಮಾಡುತ್ತ ಹೋದರೆ 2, 4, 16, 256, 65,536 ಬರುತ್ತವೆ. ಒಂದೊಂದಕ್ಕೂ ಒಂದನ್ನು ಕೂಡಿಸಿದರೆ 3, 5, 17, 257, 65,537 ಆಗುತ್ತವೆ. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಸಾಲು ಎಷ್ಟು ಬೆಳೆದರೂ ಅವಿಭಾಜ್ಯಗಳೇ ಬರುವುವೆಂದು ಫ್ರಾನ್ಸಿನ ಪ್ರಸಿದ್ಧ ಗಣಿತಜ್ಞ ಫರ್ಮಾ ಹದಿನೇಳನೆಯ ಶತಮಾನದಲ್ಲಿ ನಂಬಿದ್ದನು. ಸಾಧನೆಯನ್ನು ಮಾತ್ರ ಕೊಟ್ಟಿರಲಿಲ್ಲ. ಇದು ನಿಜವೇ ಎಂಬುದೇ ಪ್ರಶ್ನೆ.

ಸಾಲಿನ ಆರನೆಯ ಸಂಖ್ಯೆಯೇ 4,29,49,67,297. ಅದು ಅವಿಭಾಜ್ಯವೆಂದು ಭಾಗಾಕಾರದಿಂದಲೇ ನಿರ್ಣಯಿಸಬೇಕಾದರೆ 65,536ರ ಒಳಗಿರುವ ಆರೂವರೆ ಸಾವಿರಕ್ಕೂ ಮಿಕ್ಕ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು! 1732ರಲ್ಲಿ ಆಯ್ಲರನು ಅದು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ತಿಳಿಸಿದನು. ಅದರ ಮರ್ಮವನ್ನು ಮುಂದೆ ಬರೆದ ಲೇಖನದಲ್ಲಿ ವಿವರಿಸಿದನು. ಈ ಸಂಖ್ಯೆಗೆ ಭಾಜಕವಿದ್ದರೆ, ಅದನ್ನು 64ರಿಂದ ಭಾಗಿಸಿದಾಗ 1 ಶೇಷ ಉಳಿಯಲೇಬೇಕು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಮೊದಲ ನಾಲ್ಕು ಸೋಲುತ್ತವೆ, ಐದನೆಯದು ಗೆಲ್ಲುತ್ತದೆ. ಆರೂವರೆ ಸಾವಿರ ಭಾಗಾಕಾರಗಳ ಶ್ರಮ ಐದಕ್ಕೆ ಇಳಿಯಿತು! ಫರ್ಮಾನ ಸಾಲಿನಲ್ಲಿ ಆ ಮೊದಲ ಐದರ ಆಚೆಗೆ ಇಂದಿನವರೆಗೂ ಇನ್ನೊಂದು ಅವಿಭಾಜ್ಯ ದೊರೆತಿಲ್ಲ.

1738ರಲ್ಲಿ ಆಯ್ಲರನ ಬಲಗಣ್ಣಿನ ದೃಷ್ಟಿ ಹೋಯಿತು. 1741ರಲ್ಲಿ ಆತನು ಬರ್ಲಿನ್ನಿಗೆ ತೆರಳಿ, 1766ರಲ್ಲಿ ಪೀಟರ್ಸ್‌ಬರ್ಗಿಗೆ ಹಿಂದಿರುಗಿದನು. ಅನಂತರ ಉಳಿದ ಕಣ್ಣೂ ಕುರುಡಾಯಿತು. 1771ರಲ್ಲಿ ಮನೆಯು ಬೆಂಕಿಗೆ ಆಹುತಿಯಾಯಿತು. ಆದರೂ ಆತನು ಎದೆಗುಂದಲಿಲ್ಲ. ಮನಸ್ಸಿನಲ್ಲಿಯೇ ಲೆಕ್ಕ ಮಾಡಿ, ಪುತ್ರರಿಂದಲೂ ಶಿಷ್ಯರಿಂದಲೂ ಬರೆಯಿಸಿದನು. 2,14,74,83,647 ಎಂಬ ಮಹಾಸಂಖ್ಯೆಯು ಅವಿಭಾಜ್ಯವೆಂದು 1772ರಲ್ಲಿ ತೋರಿಸಿದ್ದು ಈ ಅಂಧತ್ವದ ಕಾಲದಲ್ಲಿಯೇ. 1783ನೆಯ ಇಸವಿ ಸೆಪ್ಟೆಂಬರ್ 18ರಂದು, ತನ್ನ 76ನೆಯ ವಯಸ್ಸಿನಲ್ಲಿ, ಆತನು ಕಾಲವಾದನು.

ವಿದ್ಯಾರ್ಥಿಗಳೇ, ಐದು ಉದಾಹರಣೆಗಳು ಸರಿಯಾದರೆ ಆರನೆಯದೂ ಸರಿಯಾಗಬೇಕೆಂಬ ನಿಯಮವಿಲ್ಲ. 641ನ್ನು 67,00,417ರಿಂದ ಗುಣಿಸಿದರೆ ಆ ಮಹಾಸಂಖ್ಯೆಯೇ ಬರುತ್ತದೆ. ಗುರುಗಳು ಬರೆದಿದ್ದಾರೆಂದು ಇದನ್ನು ನಂಬಬೇಡಿರಿ. ಕಾಗದ, ಲೇಖಣಿ ಹಿಡಿದು ನೀವೇ ಗುಣಿಸಿ ನೋಡಿರಿ.