ತಂದೆಯ ಮೇಜೇ ಪಾಠಶಾಲೆಯಾದಾಗ

ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಕಲಿತವರ ಪ್ರಸ್ತಾಪ ಬಂದಾಗಲೆಲ್ಲ ಜಾನ್ ಸ್ಟುವರ್ಟ್ ಮಿಲ್‌ನ ಹೆಸರು ತಾನಾಗಿ ಬರುತ್ತದೆ. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟನೆಯ ವಯಸ್ಸಿಗೆ ಲ್ಯಾಟಿನ್ ಆರಂಭಿಸಿದ ಈ ಬಾಲಕನನ್ನು ಕಠೋರ ತಂದೆಯೊಬ್ಬನ ಪ್ರಯೋಗದ ವಸ್ತುವೆಂದು ಬಣ್ಣಿಸುವವರೇ ಹೆಚ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಮಗಾದರೋ ಆತ 1848ರ ಬೃಹದ್ಗ್ರಂಥದ ಕರ್ತೃವಾಗಿ ಮಾತ್ರ ಪರಿಚಿತ. ಆ ಮನೆಯಲ್ಲಿ ಕಲಿತವನು ಮಗನೊಬ್ಬನೇ ಆಗಿರಲಿಲ್ಲವೆಂಬುದು ಎರಡೂ ಬಗೆಯ ವರ್ಣನೆಗಳಲ್ಲಿ ಮರೆಯಾಗಿಬಿಡುತ್ತದೆ.

ಜಾನ್ ಹುಟ್ಟಿದ್ದು 1806ರಲ್ಲಿ, ಲಂಡನ್ನಿನಲ್ಲಿ. ತಂದೆ ಜೇಮ್ಸ್ ಮಿಲ್ ಬ್ರಿಟಿಷ್ ಭಾರತದ ಇತಿಹಾಸವನ್ನು ಬರೆಯಲು ಕೈಹಚ್ಚಿದ್ದೂ ಅದೇ ವರ್ಷ. ನಿಶ್ಚಿತ ಸಂಬಳವಿಲ್ಲದೆ ಲೇಖನವೃತ್ತಿಯಿಂದಲೇ ಸಂಸಾರ ತೂಗಿಸುತ್ತಿದ್ದ ಆತ ಬರೆಯುತ್ತಿದ್ದ ಮೇಜಿನಲ್ಲೇ ಮಗನೂ ಗ್ರೀಕ್ ಓದುತ್ತ ಕೂರುತ್ತಿದ್ದ. ಗ್ರೀಕ್ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ನಿಘಂಟು ಅಂದು ಇರಲಿಲ್ಲ. ತಿಳಿಯದ ಪ್ರತಿಯೊಂದು ಪದಕ್ಕೂ ಹುಡುಗ ತಂದೆಯನ್ನೇ ಕೇಳಬೇಕಿತ್ತು. ಸ್ವಭಾವತಃ ತಾಳ್ಮೆಗೇಡಿಯಾದ ಜೇಮ್ಸ್ ಈ ಅಡ್ಡಿಯನ್ನು ವರ್ಷಗಟ್ಟಲೆ ಸಹಿಸಿಕೊಂಡು ಸಂಪುಟಗಳನ್ನು ಬರೆದ. ಕಡತದ ಮೇಲೆ ನಾಲ್ಕು ಸಾಲು ಟಿಪ್ಪಣಿ ಬರೆಯುವಾಗ ಬಾಗಿಲು ಸದ್ದಾದರೂ ಸಿಡುಕುವ ನಮ್ಮಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ನ್ಯೂಯಿಂಗ್ಟನ್ ಗ್ರೀನ್‌ನಲ್ಲಿ ವಾಸವಾಗಿದ್ದ ವರ್ಷಗಳಲ್ಲಿ, ಬೆಳಗಿನ ಉಪಾಹಾರಕ್ಕೆ ಮೊದಲು ತಂದೆ-ಮಗ ಹಾರ್ನ್ಸಿಯತ್ತ ಸಾಗುವ ಹಸಿರು ದಾರಿಗಳಲ್ಲಿ ತಿರುಗಾಡುತ್ತಿದ್ದರು. ಹಿಂದಿನ ದಿನ ಓದಿದ್ದನ್ನು ಚೀಟಿಗಳಲ್ಲಿ ಗುರುತು ಹಾಕಿಕೊಂಡು ಹುಡುಗ ದಾರಿಯುದ್ದಕ್ಕೂ ವಿವರಿಸಬೇಕು. ತಂದೆ ರಾಜ್ಯಾಡಳಿತ, ನೀತಿ, ನಾಗರಿಕತೆಗಳ ವಿಷಯ ತೆಗೆಯಬೇಕು. ಹ್ಯೂಮ್, ಗಿಬ್ಬನ್‌ರ ಇತಿಹಾಸಗಳು, ಸಮುದ್ರಯಾನಿಗಳ ವೃತ್ತಾಂತಗಳು ಹೀಗೆ ಮನೆಮಾತಾದವು. 1817ರಲ್ಲಿ ಭಾರತದ ಇತಿಹಾಸ ಅಚ್ಚಿಗೆ ಹೋದಾಗ, ಹನ್ನೊಂದರ ಮಗ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿದ, ತಂದೆ ಕರಡಚ್ಚು ತಿದ್ದಿದ.

1819ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ರಿಕಾರ್ಡೊನ ಸಿದ್ಧಾಂತಗಳನ್ನು ಜೇಮ್ಸ್ ತಿರುಗಾಟದ ವೇಳೆ ಮಗನಿಗೆ ಹೇಳಿದ. ಮಾರನೆಯ ದಿನ ಮಗ ಅದನ್ನು ಬರೆದು ಒಪ್ಪಿಸಬೇಕಿತ್ತು, ಸ್ಪಷ್ಟವಾಗುವವರೆಗೆ ಮತ್ತೆ ಮತ್ತೆ ತಿದ್ದಿ ಬರೆಯಬೇಕಿತ್ತು. ಹದಿಮೂರರ ಹುಡುಗನ ಆ ಟಿಪ್ಪಣಿಗಳನ್ನೇ ಮುಂದಿಟ್ಟುಕೊಂಡು ತಂದೆ 1821ರಲ್ಲಿ ಅರ್ಥಶಾಸ್ತ್ರದ ತನ್ನ ಪಠ್ಯವನ್ನು ಹೊರತಂದ. ತಂದೆಯೇ ಇನ್ನೂ ಮುಗಿಸದ ಕೆಲಸವೊಂದು ಮಗನಿಗೆ ಪಾಠವಾಯಿತು. ಆ ಮನೆಯ ಜಿಜ್ಞಾಸೆಯ ಮೂಲ ಇಲ್ಲಿದೆಯೆಂದು ನನ್ನ ಎಣಿಕೆ. ಸಿದ್ಧ ಉತ್ತರಗಳನ್ನು ಒಪ್ಪಿಸಿಕೊಳ್ಳುವ ಗುರು ಅಲ್ಲಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಒಂಬತ್ತು ಮಕ್ಕಳಲ್ಲಿ ಹಿರಿಯನಾದ ಜಾನ್ ಎಂಟನೆಯ ವಯಸ್ಸಿನಿಂದಲೇ ತಮ್ಮ-ತಂಗಿಯರಿಗೆ ಪಾಠ ಹೇಳಬೇಕಾಯಿತು. 1817ರಲ್ಲಿ ಆ ಕುಟುಂಬದೊಂದಿಗೆ ತಂಗಿದ್ದ ಫ್ರಾನ್ಸಿಸ್ ಪ್ಲೇಸ್ ದಾಖಲಿಸಿರುವಂತೆ, ಒಂದು ಪದ ತಪ್ಪಿದ್ದಕ್ಕಾಗಿ ತಂಗಿಯರ ಮಧ್ಯಾಹ್ನದ ಊಟ ಸಂಜೆಗೆ ಹೋಯಿತು. ಅವರ ಪಾಠವನ್ನು ಒಪ್ಪಿಕೊಂಡಿದ್ದ ಅಣ್ಣನಿಗೂ ಅದೇ ಶಿಕ್ಷೆ. ತಾಯಿ ಹ್ಯಾರಿಯೆಟ್‌ಗೆ ಈ ವಿದ್ಯಾಕೂಟದಲ್ಲಿ ಸ್ಥಾನವೇ ಇರಲಿಲ್ಲ. 1873ರಲ್ಲಿ ಪ್ರಕಟವಾದ ಮಗನ ಆತ್ಮಕಥೆಯಲ್ಲೂ ಆಕೆ ಕಾಣಿಸುವುದಿಲ್ಲ. ಒಂಬತ್ತು ಮಕ್ಕಳನ್ನು ಹೆತ್ತ ತಾಯಿಯ ಬಗ್ಗೆ ಕುತೂಹಲವಿಲ್ಲದ ಜಿಜ್ಞಾಸೆಯನ್ನು ಪೂರ್ಣವೆನ್ನಲು ಮನಸ್ಸು ಒಪ್ಪದು. 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮಿಲ್‌ನನ್ನು ತೀವ್ರ ಖಿನ್ನತೆ ಆವರಿಸಿತು.

ಪುಸ್ತಕದ ಗೋಡೆಯಾಚೆ ಆತನನ್ನು ಕರೆದೊಯ್ದದ್ದು 1820ರ ಫ್ರಾನ್ಸ್ ಪ್ರವಾಸ. ಸ್ಯಾಮ್ಯುಯೆಲ್ ಬೆಂಥಮ್‌ನ ಕುಟುಂಬದೊಂದಿಗೆ ಅಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಇದ್ದ. ಆ ಮನೆಯ ಮಗ ಜಾರ್ಜ್, ಮುಂದೆ ಹೆಸರಾಂತ ಸಸ್ಯಶಾಸ್ತ್ರಜ್ಞನಾದವನು, ಗಿಡಗಳನ್ನು ಗುರುತಿಸುವ ಹವ್ಯಾಸ ಹಚ್ಚಿದ. ಅದು ಕೊನೆಯವರೆಗೂ ಬಿಡಲಿಲ್ಲ.

ಭಾರತದ ವಿಷಯದಲ್ಲಿ ಮಾತ್ರ ತಂದೆ-ಮಗ ಇಬ್ಬರೂ ಮೇಜನ್ನು ದಾಟಲೇ ಇಲ್ಲ. ಜೇಮ್ಸ್ ಈ ನೆಲಕ್ಕೆ ಕಾಲಿಡದೆ, ಇಲ್ಲಿಯ ಒಂದು ಭಾಷೆಯನ್ನೂ ಅರಿಯದೆ, ಹಿಂದೂ ನಾಗರಿಕತೆಯ ಮೇಲೆ ನಿಷ್ಠುರ ತೀರ್ಪು ಕೊಟ್ಟ. ಮುಂದೆ ಆ ಗ್ರಂಥವನ್ನು ಸಂಪಾದಿಸಿದ ಸಂಸ್ಕೃತ ವಿದ್ವಾಂಸ ಎಚ್.ಎಚ್. ವಿಲ್ಸನ್ ಅಡಿಟಿಪ್ಪಣಿಗಳಲ್ಲೇ ಅದನ್ನು ಖಂಡಿಸಬೇಕಾಯಿತು. 1823ರಲ್ಲಿ ಹದಿನೇಳರ ಜಾನ್ ತಂದೆಯ ಕೈಕೆಳಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿ ಸೇರಿ, 1858ರವರೆಗೆ ದುಡಿದ. ಆತನೂ ಭಾರತಕ್ಕೆ ಬರಲಿಲ್ಲ. ಆದರೂ ಮೆಕಾಲೆಯ 1835ರ ಶಿಕ್ಷಣ ಟಿಪ್ಪಣಿ ಇಂಗ್ಲಿಷನ್ನು ಎತ್ತಿಹಿಡಿದಾಗ, ದೇಶೀ ವಿದ್ಯೆ, ದೇಶಭಾಷೆಗಳ ಪರವಾಗಿ 1836ರಲ್ಲಿ ಕರಡು ಆದೇಶ ಸಿದ್ಧಪಡಿಸಿದವನು ಈ ಮಿಲ್. ಮೇಲಿನ ನಿಯಂತ್ರಣ ಮಂಡಳಿ ಒಪ್ಪದ್ದರಿಂದ ಅದು ಕಡಲು ದಾಟಲಿಲ್ಲ. ಸರ್ಕಾರಿ ಕಡತಗಳ ಗತಿ ಆಗಲೂ ಹೀಗೆಯೇ ಇತ್ತು!

ಸ್ವಾತಂತ್ರ್ಯ ಕುರಿತ 1859ರ ಕೃತಿಯಲ್ಲಿ ಮಿಲ್ ಶಿಕ್ಷಣದ ಹೊಣೆಯನ್ನು ಹಂಚಿದ ರೀತಿ ಗಮನಾರ್ಹ. ಪ್ರತಿ ಮಗುವೂ ಕಲಿಯಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಬೇಕು, ಬಡವರ ಶುಲ್ಕವನ್ನು ಭರಿಸಬೇಕು, ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಎಲ್ಲಿ, ಹೇಗೆ ಕಲಿಸಬೇಕೆಂಬುದು ಹೆತ್ತವರಿಗೆ ಬಿಟ್ಟದ್ದು. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುವ ಸರ್ಕಾರಿ ವಿದ್ಯೆ ಆತನಿಗೆ ಒಗ್ಗದು. ಆದರೆ ಹೊತ್ತಿನ ಕೂಳಿಗೆ ದುಡಿಯುವ ತಂದೆ ಮಗುವಿನ ಪ್ರಶ್ನೆಗೆ ಲೇಖನಿ ಕೆಳಗಿಡುವ ಬಿಡುವನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆಗೆ ಮಿಲ್‌ನ ವ್ಯವಸ್ಥೆಯಲ್ಲಿ ಉತ್ತರವಿಲ್ಲ.

ಪತ್ನಿ ತೀರಿಕೊಂಡ ಅವಿನ್ಯೋನ್ ಊರಿನಲ್ಲಿ, ಆಕೆಯ ಸಮಾಧಿಯ ಸಮೀಪ ಮನೆ ಮಾಡಿಕೊಂಡ ಮಿಲ್, 1873ರ ಮೇ ತಿಂಗಳ ಆರಂಭದಲ್ಲಿ ಕೀಟಶಾಸ್ತ್ರಜ್ಞ ಫಾಬ್ರ್‌ನೊಂದಿಗೆ ಗಿಡಗಳನ್ನು ಹುಡುಕುತ್ತ ಸುಮಾರು ಹದಿನೈದು ಮೈಲಿ ನಡೆದ. ಆಗ ವಯಸ್ಸು ಅರವತ್ತಾರು. ಕೆಲವೇ ದಿನಗಳಲ್ಲಿ ತೀರಿಕೊಂಡ. ಜೀವಮಾನವಿಡೀ ಕೂಡಿಸಿ ಒಣಗಿಸಿಟ್ಟ ಸಸ್ಯಗಳು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸೇರಿದವು. ಅವುಗಳಲ್ಲಿ ಸಾವಿರಾರು ಮಾದರಿಗಳು ಅಲ್ಲಿಂದ ಆಸ್ಟ್ರೇಲಿಯಾದ ಮೆಲ್ಬರ್ನ್ ತಲುಪಿವೆ.